ಸಿಮೆಂಟ್ ಮಾಲಿನ್ಯ: ಕಲ್ಲಿದ್ದಲಿಗಿಂತ ಕಲ್ಲಿನದೇ ಹೆಚ್ಚು ಪಾಲು

ಕಲಬುರಗಿ: ಮಳಖೇಡ, ವಾಡಿ ಭಾಗದ ಸಿಮೆಂಟ್ ಕಾರ್ಖಾನೆಗಳ ಇಂಗಾಲಕ್ಕೆ ಕಲ್ಲಿದ್ದಲೇ ಕಾರಣ ಅನ್ನೋದು ಬಹಳ ಜನರ ಲೆಕ್ಕ. ಆದರೆ ಅರ್ಧಕ್ಕಿಂತ ಹೆಚ್ಚು ಬರೋದು ಸುಣ್ಣದ ಕಲ್ಲಿನಿಂದಲೇ. ಕಲ್ಲು ಕಾದಾಗ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಬಿದ್ದು, 1,450 ಡಿಗ್ರಿ ಆಸುಪಾಸಿನಲ್ಲಿ ಕ್ಲಿಂಕರ್ ಆಗುತ್ತೆ. ಹಾಗಾಗಿ ಸೋಲಾರ್ ಹಾಕಿದರಷ್ಟೇ ಸಾಲದು, ಕ್ಲಿಂಕರ್ ಬಳಕೆಯೇ ತಗ್ಗಬೇಕು.

ಪಿಪಿಸಿ ಸಿಮೆಂಟ್‌ನಲ್ಲಿ ಶೇ 15ರಿಂದ 35ರಷ್ಟು ಹಾರುಬೂದಿ ಇರುತ್ತೆ. ಎಲ್‌ಸಿ3 ಎಂಬ ಹೊಸ ಬಗೆಯಲ್ಲಿ ಕ್ಲಿಂಕರ್ ಅರ್ಧದಷ್ಟೇ. ಉಳಿದದ್ದು ಸುಟ್ಟ ಜೇಡಿಮಣ್ಣು, ಸುಣ್ಣದ ಕಲ್ಲಿನ ಪುಡಿ, ಜಿಪ್ಸಮ್. ಇದಕ್ಕೆ 2023ರಲ್ಲೇ ಬಿಐಎಸ್ ಮಾನದಂಡ ಬಂದಿದೆ.

ಆದರೂ ‘ಬೂದಿ ಸಿಮೆಂಟ್ ಬ್ಯಾಡ್ರಿ, 53 ಗ್ರೇಡ್ ಕೊಡ್ರಿ’ ಅನ್ನೋ ಗಿರಾಕಿಗಳಿದ್ದಾರೆ. ಕಾರಣ ಇಲ್ಲದಿಲ್ಲ. ಪಿಪಿಸಿಗೆ ಬಲ ನಿಧಾನವಾಗಿ ಬರುತ್ತೆ. ಒಣ ಬಿಸಿಲಿನ ಕಡೆ ಸಾದಾ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ, ಬೂದಿ ಬೆರೆತದ್ದಕ್ಕೆ 14 ದಿನ ಕ್ಯೂರಿಂಗ್ ಬೇಕು ಅನ್ನುತ್ತೆ ಐಎಸ್ 456 ನಿಯಮ. ಅಂದರೆ ಕಾರ್ಖಾನೆಯಲ್ಲಿ ಉಳಿದ ಇಂಗಾಲಕ್ಕೆ ಮನೆ ಕಟ್ಟೋರು ಬೇಸಿಗೆಯಲ್ಲಿ ನಾಲ್ಕು ದಿನದ ನೀರು ಹೆಚ್ಚು ಹೊಂದಿಸಬೇಕು. ನೀರು ತಪ್ಪಿಸಿ, ಸೆಂಟ್ರಿಂಗ್ ಬೇಗ ಬಿಚ್ಚಿದರೆ ಕೆಟ್ಟ ಹೆಸರು ಬರೋದು ಸಿಮೆಂಟಿಗೆ. ಚೀಲ ಕೊಡುವಾಗಲೇ ಅಂಗಡಿಯವರು ಈ 14 ದಿನದ ಲೆಕ್ಕ ಹೇಳಿದರೆ ಆ ಅನುಮಾನ ಅರ್ಧ ಕಡಿಮೆಯಾದೀತು.