ಹಳೇ ಗಾಡಿ ಬ್ರೇಕ್ ಆಯಿಲ್ ತಿನ್ನಲ್ಲ

(1/5)

ಮೊದಲ ಫೋಟೊ ನೋಡಿ ಅರ್ಧ ಜನ "ಅಬ್ಬಾ, ಪದ್ಮಿನಿ!" ಅಂತ ಹಾರ್ಟ್ ಒತ್ತಿ ಮುಂದೆ ಹೋಗ್ತೀರಿ ಅಂತ ಗೊತ್ತು. ಹೋಗಬೇಡಿ. ಎರಡನೇ ಫೋಟೊಗೆ ಸ್ವೈಪ್ ಮಾಡಿ. ಅದು ಎಡಗಡೆ ಹಿಂದಿನ ಟಯರಿನ ಒಳಮೈ. ರಿಮ್ಮಿನಿಂದ ಕೆಳಕ್ಕೆ ಇಳಿದ ಒದ್ದೆ ಗೆರೆ, ಅದರ ಮೇಲೆ ಕೂತ ಧೂಳು ಕಾಣ್ತಿದೆಯಲ್ಲ? ಅದು ನೀರಲ್ಲ. ನಾಲ್ಕು ತಿಂಗಳು ಆ ಗೆರೆ ಇಟ್ಕೊಂಡೇ ಮನೆಮಂದಿಯೆಲ್ಲ ಓಡಾಡಿದ್ದೀವಿ.

ಗಾಡಿ ಅಜ್ಜಂದು. 1986ರ ಪ್ರೀಮಿಯರ್ ಪದ್ಮಿನಿ. ಫಿಯೆಟ್ 1100ರ ನಕ್ಷೆ, ಮುಂಬೈಯ ಕುರ್ಲಾದಲ್ಲಿ ತಯಾರು. ಹಳೇ ಹಿಂದಿ ಸಿನಿಮಾದ ಕಪ್ಪು-ಹಳದಿ ಟ್ಯಾಕ್ಸಿ ನೆನಪಿದ್ರೆ ಅದೇ ಇದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಮ್ಮ ಗಾಡಿಯಲ್ಲಿ ಹೈಡ್ರಾಲಿಕ್ ಸರ್ಕ್ಯೂಟ್ ಒಂದೇ. ಅಂದ್ರೆ ನಾಲ್ಕರಲ್ಲಿ ಯಾವುದೇ ಒಂದು ಚಕ್ರದ ಹತ್ತಿರ ರಬ್ಬರ್ ಕೈಕೊಟ್ಟರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತೆ. ಈಗಿನ ಕಾರುಗಳಲ್ಲಿ ಎರಡು ಸರ್ಕ್ಯೂಟ್ ಇರುತ್ತೆ, ಒಂದು ಹೋದರೆ ಇನ್ನೊಂದು ಸ್ವಲ್ಪವಾದರೂ ಹಿಡಿಯುತ್ತೆ. ನಮಗೆ ಆ ಭಾಗ್ಯ ಇಲ್ಲ.

ಮೇ ತಿಂಗಳಲ್ಲಿ ಉಡುಪಿ ಕಡೆ ಮದುವೆಗೆ ಹೊರಟಿದ್ವಿ. ತೀರ್ಥಹಳ್ಳಿ ದಾಟಿ ಆಗುಂಬೆಯಲ್ಲಿ ಚಾ ಕುಡಿಯೋಣ ಅಂತ ಅಪ್ಪ ಬ್ರೇಕ್ ಒತ್ತಿದ್ರು. ಪೆಡಲ್ ಸೀದಾ ನೆಲಕ್ಕೆ ಹೋಯ್ತು. ಇನ್ನೊಂದು ಸಲ ಒತ್ತಿದ್ರು, ಮತ್ತೆ ನೆಲ. ಗೇರ್ ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದ್ರು. ಹ್ಯಾಂಡ್‌ಬ್ರೇಕ್ ಕೇಬಲ್ಲಿನಲ್ಲಿ ಹಿಂದಿನ ಶೂಗಳನ್ನು ಎಳೆಯುತ್ತೆ, ಅದಕ್ಕೆ ಆಯಿಲ್ ಬೇಡ, ಅದಕ್ಕೇ ಉಳಿದ್ವಿ. ಅಂಗಡಿ ಮುಂದಿನ ಬೆಂಚಿಗೂ ಬಂಪರಿಗೂ ಒಂದು ಮೊಳ ಜಾಗ ಇತ್ತು. ಬೆಂಚಿನ ಮೇಲೆ ಇಬ್ಬರು ಕೂತಿದ್ರು.

ಅಲ್ಲಿಂದ ಸೋಮೇಶ್ವರಕ್ಕೆ ಇಳಿಯೋ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಅಪ್ಪ ಅವತ್ತು ಚಾ ಕುಡಿಯಲಿಲ್ಲ.

(2/5)

ಇದಕ್ಕೆ ಮುಂಚೆ ಮೂರು ಸಲ ಗಾಡಿಯನ್ನು ಗ್ಯಾರೇಜಿಗೆ ತಗೊಂಡು ಹೋಗಿದ್ವಿ. ಮೂರು ಸಲವೂ ಅದೇ ಕೆಲಸ: ಮುಚ್ಚಳ ತೆಗಿ, ಬ್ರೇಕ್ ಆಯಿಲ್ ಹುಯ್ಯಿ, ನಾಲ್ಕು ಸಲ ಪೆಡಲ್ ಪಂಪ್ ಮಾಡು, ಹೊರಡು. "ಏನಿಲ್ಲ ಸಾರ್, ಹಳೇ ಗಾಡಿ ಅಲ್ವಾ, ಸ್ವಲ್ಪ ಆಯಿಲ್ ತಿನ್ನುತ್ತೆ" ಅಂದ್ರು. ನಾನು ಮೆಕ್ಯಾನಿಕಲ್ ಮೂರನೇ ವರ್ಷ. ಪಾಸ್ಕಲ್ ನಿಯಮ ಬರೆದು ಮಾರ್ಕ್ಸ್ ತಗೊಂಡವನು. ಪಕ್ಕದಲ್ಲೇ ನಿಂತು ತಲೆ ಆಡಿಸಿದೆ.

ಎಂಜಿನ್ ಆಯಿಲ್ ತಿನ್ನಬಹುದು. ಪಿಸ್ಟನ್ ರಿಂಗ್ ಸವೆದರೆ ಆಯಿಲ್ ಸುಟ್ಟು ಸೈಲೆನ್ಸರಲ್ಲಿ ನೀಲಿ ಹೊಗೆ ಬರುತ್ತೆ. ಬ್ರೇಕಿನಲ್ಲಿ ಸುಡೋ ಜಾಗ ಎಲ್ಲಿದೆ? ಮುಚ್ಚಿದ ವ್ಯವಸ್ಥೆ ಅದು. ಹಾಕಿದ್ದು ಅಲ್ಲೇ ಇರಬೇಕು, ಇಲ್ಲ ಅಂದ್ರೆ ಎಲ್ಲೋ ಹೊರಗೆ ಬಿದ್ದಿರಬೇಕು. ಮೂರನೇ ದಾರಿ ಇಲ್ಲ.

ಇಲ್ಲಿ ಕೆಲವರು "ಲೈನರ್ ಸವೆದರೂ ಲೆವೆಲ್ ಇಳಿಯುತ್ತೆ" ಅಂತ ಕಾಮೆಂಟ್ ಹಾಕ್ತೀರಿ. ಡಿಸ್ಕ್ ಬ್ರೇಕಿಗೆ ಅದು ನಿಜ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬಂದು ಅಲ್ಲೇ ನಿಲ್ಲುತ್ತೆ, ಅದರ ಹಿಂದಿನ ಜಾಗ ತುಂಬೋಕೆ ಆಯಿಲ್ ಇಳಿಯುತ್ತೆ. ಆದರೆ ನಮ್ಮಂಥ ಡ್ರಮ್ಮಿನಲ್ಲಿ ಸವೆತವನ್ನು ಸ್ಪ್ಯಾನರ್ ಹಾಕಿ ಅಡ್ಜಸ್ಟರಲ್ಲಿ ಸರಿ ಮಾಡ್ತೀವಿ. ಕಾಲು ತೆಗೆದ ತಕ್ಷಣ ಸ್ಪ್ರಿಂಗು ಶೂಗಳನ್ನು ಎಳೆದು ಪಿಸ್ಟನ್ನನ್ನು ಒಳಗೆ ತಳ್ಳುತ್ತೆ. ಹಾಗಾಗಿ ಅಡ್ಜಸ್ಟ್‌ಮೆಂಟ್ ಸರಿಯಿದ್ದ ಡ್ರಮ್ ಗಾಡಿಯಲ್ಲಿ ಲೆವೆಲ್ ಹೆಚ್ಚುಕಮ್ಮಿ ಇದ್ದಲ್ಲೇ ಇರಬೇಕು. ತಿಂಗಳಿಗೊಮ್ಮೆ ಇಳೀತಿದೆ ಅಂದ್ರೆ ಸೋರ್ತಿದೆ ಅಂತಲೇ ಅರ್ಥ.

ಹೆಸರಿನದೂ ಒಂದು ತಪ್ಪಿದೆ ಅಂತ ನನಗನ್ನಿಸುತ್ತೆ. ಎಲ್ಲರೂ "ಬ್ರೇಕ್ ಆಯಿಲ್" ಅಂತೀವಿ, ನಾನೂ ಅಷ್ಟೆ. ಆದರೆ ಡಾಟ್ 3 ಡಬ್ಬಿಯಲ್ಲಿರೋದು ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಆಯಿಲ್ ಅನ್ನೋ ಹೆಸರು ನಂಬಿ ಯಾರಾದರೂ ತುರ್ತಿಗೆ ಎಂಜಿನ್ ಆಯಿಲ್ ಹುಯ್ದರೆ ಒಳಗಿನ ರಬ್ಬರೆಲ್ಲ ಊದಿ ಹಾಳಾಗುತ್ತೆ. ಪೆಟ್ರೋಲಲ್ಲಿ ಸಿಲಿಂಡರ್ ತೊಳೆದರೂ ಅದೇ ಕಥೆ. (ಪೇಂಟಿನ ಮೇಲೆ ಬಿದ್ದರೆ ಪೇಂಟೂ ಏಳುತ್ತೆ. ಮೂರನೇ ಫೋಟೊದಲ್ಲಿ ಮಡ್‌ಗಾರ್ಡ್ ಮೇಲಿನ ಮಚ್ಚೆ ನನ್ನ ಕೈಕೆಲಸ. ಅಪ್ಪನಿಗೆ ಇನ್ನೂ ತೋರಿಸಿಲ್ಲ, ಯಾರೂ ಟ್ಯಾಗ್ ಮಾಡಬೇಡಿ.)

(3/5)

ಬಿಚ್ಚೋ ಮುಂಚೆ ಕಾಲಿನಲ್ಲೇ ಅರ್ಧ ಗೊತ್ತಾಗುತ್ತೆ. ಇದನ್ನು ಯಾವ ಲ್ಯಾಬಲ್ಲೂ ಹೇಳಿಕೊಡಲಿಲ್ಲ ಅನ್ನೋದು ನನ್ನ ದೂರು.

ಪೆಡಲ್ ತುಂಬಾ ಕೆಳಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದಾಗ ಮೇಲೆ ಬಂದು ಗಟ್ಟಿಯಾದರೆ ಮೊದಲ ಅನುಮಾನ ಅಡ್ಜಸ್ಟ್‌ಮೆಂಟ್ ಮೇಲೆ. ಶೂಗೂ ಡ್ರಮ್ಮಿಗೂ ಅಂತರ ಜಾಸ್ತಿಯಾಗಿದೆ. ಸ್ಪಂಜ್ ಮೇಲೆ ಕಾಲಿಟ್ಟ ಹಾಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಮೊದಲು ಗಟ್ಟಿಯಾಗಿ ನಿಂತು, ಕಾಲು ಒತ್ತಿ ಹಿಡಿದಿದ್ದಾಗ ಮೆಲ್ಲಗೆ ಕೆಳಗೆ ಜಾರುತ್ತಾ ಹೋದರೆ ಎಲ್ಲೋ ಸೋರ್ತಿದೆ. ಹೊರಗೆಲ್ಲೂ ಒದ್ದೆ ಇಲ್ಲ ಅಂದ್ರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೋತಿದೆ, ದ್ರವ ಅದರ ಪಕ್ಕದಿಂದ ನುಸುಳಿ ಹಿಂದಕ್ಕೆ ಹೋಗ್ತಿದೆ.

ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕೆ ಎಳೆದರೆ ಎಲ್ಲರೂ ಎಡಗಡೆ ಚಕ್ರ ಬಿಚ್ತಾರೆ. ಪಾಪ, ಎಡಗಡೆಯದು ಸಾಮಾನ್ಯವಾಗಿ ತನ್ನ ಕೆಲಸ ಮಾಡ್ತಾ ಇರುತ್ತೆ. ಮಲಗಿರೋದು ಬಲಗಡೆಯದು: ಪಿಸ್ಟನ್ ಹಿಡ್ಕೊಂಡಿರುತ್ತೆ, ಇಲ್ಲ ಲೈನರ್‌ಗೆ ಆಯಿಲ್ ಬಡಿದಿರುತ್ತೆ. ಒಂದು ತಕರಾರು ಇದೆ. ಸ್ವಲ್ಪವೇ ಒದ್ದೆಯಾದ ಲೈನರ್ ಕೆಲವೊಮ್ಮೆ ಉಲ್ಟಾ, ಗಬಕ್ಕಂತ ಹಿಡಿಯುತ್ತೆ. ಆದ್ದರಿಂದ ಎರಡೂ ಕಡೆ ಬಿಚ್ಚಿ ನೋಡೋದೇ ಸರಿ.

ಇನ್ನೊಂದು, ಒಂದೇ ಚಕ್ರ ಹಿಡ್ಕೊಂಡು ಡ್ರಮ್ ಬಿಸಿಯಾಗೋದು. ಓಡಿಸಿ ಬಂದ ತಕ್ಷಣ ಡ್ರಮ್ ಮುಟ್ಟಬೇಡಿ, ಅಂಗೈ ಹತ್ತಿರ ತಂದರೆ ಸಾಕು, ಗೊತ್ತಾಗುತ್ತೆ. ಜಾಕಿ ಹಾಕಿ ಆ ಚಕ್ರದ ಏರ್ ನಿಪ್ಪಲ್ ಸ್ವಲ್ಪ ಸಡಿಲ ಮಾಡಿ. ಹನಿ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಅಂತ. ಒಂದೇ ಚಕ್ರಕ್ಕೆ ಹೀಗಾದರೆ ಹಳೇ ರಬ್ಬರ್ ಹೋಸ್ ಮೇಲೆ ಕಣ್ಣಿಡಿ. ಹೊರಗೆ ಚೆನ್ನಾಗಿ ಕಾಣುತ್ತೆ, ಒಳಗೆ ಊದಿ ತೂತು ಮುಚ್ಚಿರುತ್ತೆ. ಕಾಲಿನ ಬಲಕ್ಕೆ ದ್ರವ ಒಳಗೆ ಹೋಗುತ್ತೆ, ವಾಪಸ್ ಬರಲ್ಲ. ನಿಪ್ಪಲ್ ಬಿಟ್ಟರೂ ಚಕ್ರ ತಿರುಗಲಿಲ್ಲ ಅಂದ್ರೆ ಆಯಿಲಿಗೂ ಅದಕ್ಕೂ ಸಂಬಂಧ ಇಲ್ಲ. ಸ್ಪ್ರಿಂಗ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ.

ನಮ್ಮ ಗಾಡಿಯಲ್ಲಿ ಇಷ್ಟೆಲ್ಲ ಪತ್ತೇದಾರಿಕೆ ಬೇಕಾಗಿರಲೇ ಇಲ್ಲ. ಟಯರ್ ಒಳಗೆ ಒಂದು ಸಲ ಟಾರ್ಚ್ ಬಿಟ್ಟಿದ್ದರೆ ಸಾಕಿತ್ತು.

(4/5)

ಡ್ರಮ್ ಬರಲಿಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟು, ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ತಟ್ಟಿ, ಮಧ್ಯಾಹ್ನದ ಊಟದ ಹೊತ್ತಿಗೆ ಬಂತು. ಜಾಕಿಯನ್ನು ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ, ಮುಂದಿನ ಚಕ್ರಕ್ಕೆ ಕಲ್ಲಿಡಿ. ಒಳಗಿನ ಪುಡಿಯನ್ನು ಬಾಯಲ್ಲಿ ಊದೋದು, ಕಂಪ್ರೆಸರ್ ಹೊಡೆಯೋದು ಬೇಡವೇ ಬೇಡ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಎಸೆಯಿರಿ.

ನಾಲ್ಕನೇ ಫೋಟೊ ನೋಡಿ. ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿ ಎತ್ತಿದ ಕೂಡಲೇ ಕಷಾಯದ ಬಣ್ಣದ ದ್ರವ ಸುರೀತು. ಲೈನರ್ ಎರಡೂ ನೆನೆದು ಕಪ್ಪಾಗಿದ್ವು. "ಉಪ್ಪು ಕಾಗದ ಹಾಕಿ ಉಜ್ಜಿದ್ರೆ ಆಯ್ತು" ಅಂತ ಒಬ್ಬ ಪರಿಚಯದವರು ಹೇಳಿದ್ರು. ಆಗಲ್ಲ. ಲೈನರ್ ಒಳಗಿನವರೆಗೂ ಹೀರಿರುತ್ತೆ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತೆ. ಹೊಸದೇ ಬೇಕು, ಅದೂ ಎಡ ಬಲ ಎರಡಕ್ಕೂ ಒಟ್ಟಿಗೆ, ಇಲ್ಲದಿದ್ದರೆ ಗಾಡಿ ಒಂದು ಕಡೆ ಎಳೆಯುತ್ತೆ.

ಸಿಲಿಂಡರ್ ಒಳಗೆ ಬೆರಳಿಟ್ಟರೆ ಗುಳಿ ಗುಳಿ. ತುಕ್ಕು. ಈ ದ್ರವ ಗಾಳಿಯ ತೇವ ಹೀರುತ್ತೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕಾ? ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 140. ಘಾಟಿ ಇಳಿಯುವಾಗ ಡ್ರಮ್ ಕಾದು ಆ ದ್ರವ ಕುದ್ದರೆ ಪೈಪಲ್ಲಿ ಆವಿ ತುಂಬುತ್ತೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತೆ ಅಷ್ಟೆ, ಶೂ ಅಲುಗಲ್ಲ. ಮೂರು ಸಲ ಮೇಲಿಂದ ಹೊಸದು ಹುಯ್ದರೂ ಕೆಳಗಿನ ಸಿಲಿಂಡರಲ್ಲಿ ಇದ್ದದ್ದು ಅದೇ ಹಳೇ ಕಷಾಯ.

ಗುಳಿ ಬಿದ್ದ ಸಿಲಿಂಡರಿಗೆ ಬರೀ ರಬ್ಬರ್ ಕಿಟ್ ಹಾಕೋದು ದುಡ್ಡು ದಂಡ, ಹೊಸ ರಬ್ಬರೂ ಆ ಗುಳಿಗೆ ಉಜ್ಜಿ ಹರಿಯುತ್ತೆ. ಬೆಂಗಳೂರಿನ ಜೆ.ಸಿ. ರೋಡಿನಿಂದ ಹೊಸ ವೀಲ್ ಸಿಲಿಂಡರ್ ಮತ್ತು ಶೂ ತರಿಸಿದೆ. ಜೋಡಿಸುವಾಗ ಒಂದು ಉಪಾಯ: ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆಯದು ಹಾಗೇ ಇದ್ದರೆ ಯಾವ ಸ್ಪ್ರಿಂಗ್ ಎಲ್ಲಿಗೆ ಅಂತ ನೋಡ್ಕೋಬಹುದು. ರೀಲ್ಸ್‌ಗೆ ಬಳಸೋ ಫೋನನ್ನು ಬಿಚ್ಚುವಾಗಲೂ ಬಳಸಿ.

ಆಮೇಲೆ ಏರ್ ತೆಗೆಯೋದು. ತಂಗಿ ಸೀಟಲ್ಲಿ, ನಾನು ಕೆಳಗೆ. "ಒತ್ತು... ಹಿಡ್ಕೋ... ಬಿಡು." ಅವಳು ಒತ್ತಿ ಹಿಡಿದಾಗ ನಿಪ್ಪಲ್ ತೆಗೆದು, ಅವಳು ಬಿಡೋ ಮುಂಚೆ ಮುಚ್ಚಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ. ಮಧ್ಯೆ ಡಬ್ಬಿ ಖಾಲಿಯಾಗಲು ಬಿಡಬಾರದು. ಎರಡು ಸಲ "ಬಿಡು" ಅನ್ನೋಕೆ ಮುಂಚೆ ಬಿಟ್ಟಳು, ಎರಡು ಸಲವೂ ನಾನೇ ಬೈಸಿಕೊಂಡೆ.

ಇಲ್ಲಿ ನಾನು ಮಾಡಿದ ತಪ್ಪು ಬೇರೆ ಇದೆ. ಪ್ರತಿ ಸಲ ಪೆಡಲನ್ನು ನೆಲದವರೆಗೆ ಒತ್ತಿಸಿದೆ. ಹಳೇ ಮಾಸ್ಟರ್ ಸಿಲಿಂಡರಿನ ತಳದಲ್ಲಿ, ಪಿಸ್ಟನ್ ದಿನಾ ಹೋಗದ ಜಾಗದಲ್ಲಿ ತುಕ್ಕು ಕಟ್ಟಿರುತ್ತೆ. ಅಷ್ಟು ದೂರ ತಳ್ಳಿದರೆ ರಬ್ಬರ್ ಆ ತುಕ್ಕಿಗೆ ತರಚಿಕೊಳ್ಳುತ್ತೆ. ಮರುದಿನ ಪೆಡಲ್ ಮೆಲ್ಲಗೆ ಜಾರೋಕೆ ಶುರುವಾಯ್ತು. ಹೊರಗೆ ಒಂದು ಹನಿ ಇಲ್ಲ. ಮೇಲೆ ಬರೆದಿದ್ದು ಹೀಗೆ ಕಲಿತದ್ದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದರೆ ಇನ್ನೊಂದು ಮಾಸ್ಟರ್ ಸಿಲಿಂಡರಿನ ದುಡ್ಡು ಉಳೀತಿತ್ತು.

(5/5)

ಈಗ ಜಗಳಕ್ಕೆ ಬರೋಣ.

ಗ್ಯಾರೇಜಿನವರನ್ನು ಬೈದು ಪೋಸ್ಟ್ ಹಾಕು ಅಂತ ಕ್ಲಾಸಲ್ಲಿ ಇಬ್ಬರು ಹೇಳಿದ್ರು. ಅವರ ತಪ್ಪು ಖಂಡಿತ ಇದೆ. ಲೆವೆಲ್ ಯಾಕೆ ಇಳೀತು ಅಂತ ಕೇಳದೆ ಆಯಿಲ್ ಹುಯ್ಯೋದು ರಿಪೇರಿ ಅಲ್ಲ. ಆದರೆ ಆ ಮೂರು ಸಲವೂ ನಾವು ಏನಂದಿದ್ವಿ ಅಂತ ನೆನಪಿಸಿಕೊಂಡೆ. "ಬೇಗ ಮುಗಿಸಿ ಕೊಡಿ ಅಣ್ಣಾ, ಅರ್ಜೆಂಟಿದೆ." ನಾಲ್ಕು ಡ್ರಮ್ ಬಿಚ್ಚಿ ನೋಡೋಕೆ ಅರ್ಧ ದಿನ ಬೇಕು. ಬಿಚ್ಚಿ ನೋಡಿ "ಇಲ್ಲೇನೂ ಇಲ್ಲ" ಅಂದ್ರೆ ನಾವು ದುಡ್ಡು ಕೊಡ್ತೀವಾ? ಸಾಮಾನಿಗೆ ಕೊಡ್ತೀವಿ, ಹಾಕಿದ್ದಕ್ಕೆ ಕೊಡ್ತೀವಿ. ಹುಡುಕಿದ್ದಕ್ಕೆ ಕೊಡಲ್ಲ. ಡಾಕ್ಟರ್ ನೋಡಿದ್ದಕ್ಕೆ ಫೀಸ್ ಇದೆ, ಮೆಕ್ಯಾನಿಕ್ ನೋಡಿದ್ದಕ್ಕೆ ಇಲ್ಲ. ಹಾಗಿದ್ದ ಮೇಲೆ ಅವರು ಹುಡುಕೋದನ್ನೇ ಬಿಟ್ಟಿದ್ದರಲ್ಲಿ ಆಶ್ಚರ್ಯ ಏನು?

ಇನ್ನು "ಡಿಸ್ಕ್ ಹಾಕಿಸಿಬಿಡು ಗುರು" ಅನ್ನೋರಿಗೆ. ಡಿಸ್ಕ್ ಒಳ್ಳೇದು, ಬೇಗ ತಣ್ಣಗಾಗುತ್ತೆ, ಒಪ್ಪಿದೆ. ಡ್ರಮ್ ಕಾದರೆ ಹಿಗ್ಗಿ ಶೂಯಿಂದ ದೂರ ಸರಿಯುತ್ತೆ, ಪೆಡಲ್ ಉದ್ದವಾಗುತ್ತೆ, ಅದೂ ನಿಜ. ಅದಕ್ಕೇ ಘಾಟಿಯಲ್ಲಿ ಹತ್ತಿದ ಗೇರಲ್ಲೇ ಇಳಿಯಬೇಕು ಅಂತ ಅಜ್ಜ ಹೇಳ್ತಿದ್ರು. ಆದರೆ ನಮ್ಮ ಬ್ರೇಕ್ ಹೋಗಿದ್ದು ಡ್ರಮ್ ಆಗಿದ್ದಕ್ಕಲ್ಲ, ಸೋರಿದ್ದಕ್ಕೆ. ಸೋರೋದನ್ನು ನೋಡದ ಮನೆಗೆ ಡಿಸ್ಕ್ ಹಾಕಿಸಿದರೂ ಅದರ ಸೀಲೂ ಒಂದು ದಿನ ಸೋರುತ್ತೆ. ಡ್ರಮ್ಮಿನ ಮಾಸ್ಟರ್ ಸಿಲಿಂಡರನ್ನೇ ಡಿಸ್ಕಿಗೂ ಕೊಟ್ಟು ಅಳತೆ ಹೊಂದದೆ ಪರದಾಡೋದು ಬೇರೆ.

ವಿಂಟೇಜ್ ಪೇಜ್ ನಡೆಸೋ ಗೆಳೆಯರ ಮೇಲೂ ನನಗೆ ಕೋಪ ಇದೆ. ಕ್ರೋಮ್ ಬಂಪರ್, ಬಿಳಿ ಅಂಚಿನ ಟಯರ್, ಹಳೇ ಹಾಡು, ಸ್ಲೋ ಮೋಷನ್. ಲಕ್ಷ ಲಕ್ಷ ಪೇಂಟಿಗೆ. ಒಬ್ಬರಾದರೂ ವೀಲ್ ಸಿಲಿಂಡರ್ ತೋರಿಸಿದ್ದನ್ನು ನಾನು ನೋಡಿಲ್ಲ. ನಮ್ಮದಕ್ಕೆ ಹಾಕಿದ ಹೊಸ ವೀಲ್ ಸಿಲಿಂಡರಿನ ಬೆಲೆ, ಮಾಲ್‌ನಲ್ಲಿ ಪಾಪ್‌ಕಾರ್ನ್ ಸಮೇತ ಮನೆಮಂದಿ ಸಿನಿಮಾ ನೋಡಿದಷ್ಟೂ ಆಗಲಿಲ್ಲ.

ರಜೆಗೆ ನಮ್ಮ ಬ್ಯಾಚಿನ ಒಬ್ಬ ತನ್ನ ಮಾವನ ಹಳೇ ಅಂಬಾಸಿಡರ್ ತಗೊಂಡು ಐದು ಜನರ ಜೊತೆ ಚಾರ್ಮಾಡಿ ಇಳೀತೀನಿ ಅಂತ ಗ್ರೂಪಲ್ಲಿ ಹಾಕಿದ್ದಾನೆ. "ಬ್ರೇಕ್ ಆಯಿಲ್ ಟಾಪ್ ಅಪ್ ಮಾಡಿಸಿದ್ದೀನಿ, ಸ್ವಲ್ಪ ಇಳಿದಿತ್ತು" ಅಂತಲೂ ಬರೆದಿದ್ದಾನೆ. ಮಾರಾಯ, ಈ ಐದೂ ಭಾಗ ನಿನಗೇ. ಶನಿವಾರ ಗಾಡಿ ನಮ್ಮ ಮನೆ ಅಂಗಳಕ್ಕೆ ತಗೊಂಡು ಬಾ. ಟಾರ್ಚು, ಸ್ಟ್ಯಾಂಡು, ಮರದ ಸುತ್ತಿಗೆ ನನ್ನ ಹತ್ರ ಇದೆ. ಪೆಡಲ್ ಒತ್ತೋಕೆ ತಂಗಿ ಒಪ್ಪಿದ್ದಾಳೆ, ಒಂದು ಮಸಾಲೆ ದೋಸೆಗೆ.

ಉಳಿದವರು ನಿಮ್ಮ ಮನೆ ಗಾಡಿಯ ನಾಲ್ಕೂ ಟಯರಿನ ಒಳಮೈ ಫೋಟೊ ತೆಗೆದು ಕಳಿಸಿ. ಹೊರಮೈ ಬೇಡ.

#ಅಜ್ಜನಪದ್ಮಿನಿ #ಡ್ರಮ್‌ಬ್ರೇಕ್ #ಮಲೆನಾಡು