ಅನ್ನದಾನವೋ, ಅಪಕಾರವೋ?

ಕಾಡುಪ್ರಾಣಿಗೆ ಕೈಯಾರೆ ಉಣಿಸುವುದೇ ದಯೆಯೆಂದು ನಂಬಿರುವ ಸಜ್ಜನರು ಹಲವರುಂಟು. ಜೀವಕ್ಕೆ ತುತ್ತಿಕ್ಕುವುದು ಪುಣ್ಯವಲ್ಲವೆ ಎಂದು ಅವರು ಕೇಳುವರು. ಕಡಲಿನ ಡಾಲ್ಫಿನ್ನುಗಳ ವೃತ್ತಾಂತವನ್ನು ವಿಚಾರಿಸಿದರೆ ಈ ವಾದವು ನಿಲ್ಲಲಾರದು.

ಡಾಲ್ಫಿನ್ ಹುಟ್ಟಿನಿಂದ ಭಿಕ್ಷುಕನಲ್ಲ. ತನ್ನ ಮೀನನ್ನು ತಾನೇ ಬೇಟೆಯಾಡಬಲ್ಲುದು. ಅದಕ್ಕೆ ಬೇಡುವುದನ್ನು ಕಲಿಸಿದವರು ನಾವು. ಬೆಸ್ತರು ಬೇಡವಾದ ಮೀನನ್ನು ನೀರಿಗೆಸೆಯುವರು. ಅದು ಬಂದು ತಿನ್ನುವುದು. ಹಲವು ದಿನ ಹೀಗೆ ನಡೆದರೆ ದೋಣಿಯ ಸದ್ದೇ ಊಟದ ಕರೆಯಾಗುವುದು. ಅಂಜಿಕೆ ಕಳೆದು ಕೈಯಿಂದಲೇ ತುತ್ತನ್ನು ಸ್ವೀಕರಿಸುವುದು. ಒಂದು ಕಲಿತುದನ್ನು ಜೊತೆಯದು ನೋಡಿ ಕಲಿಯುವುದು. ಪಶ್ಚಿಮ ಆಸ್ಟ್ರೇಲಿಯದ ಕಾಕ್‌ಬರ್ನ್ ಸೌಂಡಿನಲ್ಲಿ 1993ರಲ್ಲಿ ಹೀಗೆ ಬೇಡುತ್ತಿದ್ದುದು ಒಂದೇ ಡಾಲ್ಫಿನ್. 2003ರ ವೇಳೆಗೆ ಕನಿಷ್ಠ 14.

ಇದರಿಂದ ಕೇಡೇನು ಎನ್ನುವಿರಾ? ಫ್ಲಾರಿಡದ ಸರಸೋಟ ಪ್ರಾಂತದ ಒಂದು ಡಾಲ್ಫಿನ್ನಿಗೆ ಜನರು ಇಟ್ಟ ಹೆಸರೇ ‘ಬೆಗ್ಗರ್’, ಅಂದರೆ ತಿರುಕ. ಅದಕ್ಕೆ ಬಿಯರನ್ನು ಕೂಡ ನೀಡಹೋದ ಉದಾರಿಗಳಿದ್ದರು! 2012ರಲ್ಲಿ ಅದು ಸತ್ತಾಗ ಹೊಟ್ಟೆಯಲ್ಲಿ ಗಾಳಗಳು ದೊರೆತವು. ಮೈಮೇಲೆ ದೋಣಿ ಬಡಿದ ಗಾಯಗಳಿದ್ದವು. ಅಮೆರಿಕದಲ್ಲಿ ಕಡಲಿನ ಡಾಲ್ಫಿನ್ನಿಗೆ ಉಣಿಸುವುದು ಅಪರಾಧವಾಗಿರುವುದು ಸುಮ್ಮನೆ ಅಲ್ಲ.

ಪ್ರತಿವಾದಿಗಳು ಆಸ್ಟ್ರೇಲಿಯದ ಮಂಕಿ ಮಾಯಾ ತೀರವನ್ನು ತೋರಿಸುವರು: ಅಲ್ಲಿ 1960ರ ದಶಕದಿಂದ ಉಣಿಸುತ್ತಿಲ್ಲವೆ? ಆ ಉದಾಹರಣೆಯು ಅವರಿಗೇ ಪ್ರತಿಕೂಲವಾದುದು. ತಾಯಂದಿರು ತುತ್ತಿನ ಆಸೆಯಿಂದ ದಡದ ಬಳಿ ಕಾದಿರಲು, ಅವುಗಳ ಮರಿಗಳಿಗೆ ಮೊಲೆಯುಣ್ಣುವ, ತಾಯಿಯ ಜೊತೆ ಬೇಟೆ ಕಲಿಯುವ ಹೊತ್ತು ತಪ್ಪಿತು. ಉಣಿಸಲ್ಪಟ್ಟ ತಾಯಂದಿರ ಮರಿಗಳೇ ಹೆಚ್ಚಾಗಿ ಸತ್ತವು. 1990ರ ದಶಕದ ಮಧ್ಯದಲ್ಲಿ ಅಧಿಕಾರಿಗಳು ಉಣಿಸುವ ಹೊತ್ತನ್ನೂ ಮೀನಿನ ಪ್ರಮಾಣವನ್ನೂ ಕಡಮೆ ಮಾಡಿದ ಮೇಲೆ ಹೆಚ್ಚು ಮರಿಗಳು ಬದುಕಿದವು. ಕೈ ಬಿಗಿಹಿಡಿದುದರಿಂದ ಜೀವ ಉಳಿದುದಾದರೆ, ಕೈ ಸಡಿಲಿಸಿದುದನ್ನು ದಾನವೆಂದು ಕರೆಯುವುದು ಹೇಗೆ?

ದಾನಕ್ಕೆ ವಿವೇಕವಿರಬೇಕೆಂದು ಹಿರಿಯರು ವಿಧಿಸಿದುದುಂಟು. ಕೊಳ್ಳುವವನಿಗೆ ಹಿತವಾಗದುದು ದಾನವಲ್ಲ. ಇಲ್ಲಿ ಸಂತೋಷವೆಲ್ಲ ಕೊಡುವವನದು, ಗಾಳವೂ ಗಾಯವೂ ಕೊಳ್ಳುವವನ ಪಾಲು. ಮೀನು ಹಿಡಿದು ಚಾಚಿದ ಕೈ ನಮ್ಮ ವಿನೋದಕ್ಕಾಗಿ ಚಾಚಿದುದೆಂದು ಒಪ್ಪಿಕೊಳ್ಳೋಣ. ಒಪ್ಪಿದ ಮೇಲೆ ಅದನ್ನು ಹಿಂತೆಗೆಯೋಣ. ಡಾಲ್ಫಿನ್ನನ್ನು ದೂರದಿಂದ ಕಂಡು ಸಂತೋಷಪಡುವುದೇ ನಾವು ಅದಕ್ಕೆ ಮಾಡಬಹುದಾದ ಉಪಕಾರ.