ಜಗಲೀಲಿ ಒಂದು ಐಪಿ, ಅಡುಗೆಮನೇಲಿ ಇನ್ನೊಂದು!

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಬರೀಲೇಬೇಕು ಅನ್ನಿಸ್ತು. ಒಂದು ತಪ್ಪು ಒಪ್ಪಿಕೊಳ್ಳೋದಿದೆ.

"ಜಗಲೀಲಿ ಕೂತ್ರೆ ಕ್ಯಾಮರಾ ಬರಲ್ಲ ಮಾರಾಯ, ಅಡುಗೆಮನೆ ಹತ್ರ ಹೋದ್ರೆ ಬರತ್ತೆ" ಅಂತ ಅಪ್ಪ ಫೋನಲ್ಲಿ ಹೇಳಿದಾಗ ನಾನು ನಕ್ಕಿದ್ದೆ. "ಜಗಲಿ ಯಾವ್ದು, ಅಡುಗೆಮನೆ ಯಾವ್ದು ಅಂತ ವೈಫೈಗೆ ಹೆಂಗಪ್ಪ ಗೊತ್ತಾಗತ್ತೆ? ಒಂದ್ಸಲ ಆಫ್ ಮಾಡಿ ಆನ್ ಮಾಡು" ಅಂದು ಫೋನಿಟ್ಟಿದ್ದೆ. ಆಫ್ ಮಾಡಿ ಆನ್ ಮಾಡಿದ್ರೆ ಕೆಲವೊಮ್ಮೆ ಸರಿಯಾಗ್ತಿತ್ತು, ಕೆಲವೊಮ್ಮೆ ಇಲ್ಲ. ಹೀಗೇ ನಾಲ್ಕು ತಿಂಗಳು ಕಳೀತು.

ನಮ್ಮನೆ ಇರೋದು ತೀರ್ಥಹಳ್ಳಿ ಹತ್ರ. ಅಪ್ಪ ರಿಟೈರ್ಡ್ ಮೇಷ್ಟ್ರು, ಜೊತೆಗೆ ಸ್ವಲ್ಪ ಅಡಿಕೆ ತೋಟ. ಅಂಗಳದಲ್ಲಿ ಅಡಿಕೆ ಒಣಗಿಸಿರೋ ಸಮಯದಲ್ಲಿ ರಾತ್ರಿ ಏನಾದ್ರೂ ಸದ್ದಾದ್ರೆ ಎದ್ದು ಹೋಗೋದು ಬೇಡ, ಮಲಗಿದಲ್ಲೇ ಫೋನಲ್ಲಿ ನೋಡಲಿ ಅಂತ ನಾನೇ ಕ್ಯಾಮರಾ ಹಾಕಿಸಿದ್ದು. ಅಪ್ಪ ಮಲಗೋದು ಜಗಲಿ ಪಕ್ಕದ ಕೋಣೇಲಿ. ಒಂದು ರಾತ್ರಿ ಎರಡು ಗಂಟೆಗೆ ಏನೋ ಸದ್ದಾಯ್ತಂತೆ. ಫೋನಲ್ಲಿ ಏನೂ ಬರಲಿಲ್ಲ. ಟಾರ್ಚು ಹಿಡ್ಕೊಂಡು ಹೊರಗೆ ಹೋದವನು ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡ. ನಂಗೆ ಹೇಳಿದ್ದು ಅಮ್ಮ, ಅದೂ ಮೂರು ದಿನ ಆದ್ಮೇಲೆ. "ನಂಗೇ ಇದೆಲ್ಲ ಬಳಸೋಕೆ ಬರಲ್ಲ ಬಿಡು" ಅಂತಿದ್ದನಂತೆ ಅಪ್ಪ.

ಅವತ್ತು ಮೊದಲ ಸಲ ನಾನು ಸರಿಯಾದ ಪ್ರಶ್ನೆ ಕೇಳಿದೆ. "ಅಪ್ಪ, ವೈಫೈ ಸೆಟ್ಟಿಂಗ್ಸಿಗೆ ಹೋಗಿ ಐಪಿ ಅಡ್ರೆಸ್ ಅಂತ ಇರೋದನ್ನ ಓದು."

"ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಸೊನ್ನೆ, ನೂರಾ ನಾಲ್ಕು."

"ಮೂರನೇದು ಒಂದು ಅಲ್ವಾ?"

"ಸೊನ್ನೆನೋ! ನಂಗೆ ಅಂಕಿ ಓದೋಕೆ ಬರಲ್ವಾ?"

ನನ್ನ ಹೊಟ್ಟೆ ತೊಳಸಿದ ಹಾಗಾಯ್ತು. ಮನೆ ರೂಟರ್ ಕೊಡೋದು 192.168.1 ರಿಂದ ಶುರುವಾಗೋ ವಿಳಾಸ. ಕ್ಯಾಮರಾ ಬಾಕ್ಸ್ ಇರೋದು 192.168.1.20 ರಲ್ಲಿ. ಹಾಗಿದ್ರೆ ಈ 'ಸೊನ್ನೆ' ಕೊಟ್ಟವರ್ಯಾರು? ನಾನೇ! ಹಬ್ಬಕ್ಕೆ ಹೋದಾಗ ಜಗಲಿಗೆ ಸಿಗ್ನಲ್ ಬರಲ್ಲ ಅಂತ ಇನ್ನೊಂದು ರೂಟರ್ ತಗೊಂಡು ಹೋಗಿ, ಅದೇ ಹೆಸರು ಅದೇ ಪಾಸ್‌ವರ್ಡ್ ಕೊಟ್ಟು, ಹಳೇ ರೂಟರಿನ ಕೇಬಲನ್ನ ಹೊಸದರ ಲ್ಯಾನ್ ಪೋರ್ಟಿಗೆ ಚುಚ್ಚಿ ಬಂದಿದ್ದೆ. ಹಾಗೆ ಮಾಡುವಾಗ ಹೊಸದರಲ್ಲಿ ಡಿಎಚ್‌ಸಿಪಿ ಅನ್ನೋದನ್ನ ಆಫ್ ಮಾಡಬೇಕು. ಬಸ್ಸಿಗೆ ಲೇಟಾಗಿತ್ತು, ಮಾಡಿರಲಿಲ್ಲ. ಹಳೇ ವಿಳಾಸವನ್ನೇ ಇಟ್ಟುಕೊಂಡಿದ್ದ ನನ್ನ ಫೋನಲ್ಲಿ ಎಲ್ಲ ಸರಿಯಾಗಿ ಬಂತು. ಅಷ್ಟಕ್ಕೇ ಟೆಸ್ಟಿಂಗ್ ಮುಗೀತು!

ಗೊತ್ತಿಲ್ಲದವರಿಗೆ ಹೇಳ್ತೀನಿ. ಮದುವೆ ಛತ್ರಕ್ಕೆ ಹೋದಾಗ ರೂಮಿನ ಬೀಗದ ಕೈ ಕೊಡೋಕೆ ಒಬ್ಬರು ಕೂತಿರ್ತಾರಲ್ಲ, ಡಿಎಚ್‌ಸಿಪಿ ಅಂದ್ರೆ ಅದೇ ಕೆಲಸ. 1997ರ ಆರ್‌ಎಫ್‌ಸಿ 2131ರಲ್ಲಿ ಇದರ ನಿಯಮ ಇದೆ. ನಿಮ್ಮ ಫೋನು ವೈಫೈಗೆ ಸೇರಿದ ತಕ್ಷಣ "ಯಾರಾದ್ರೂ ನಂಗೊಂದು ವಿಳಾಸ ಕೊಡ್ರಪ್ಪಾ" ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗತ್ತೆ. ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವರದ್ದನ್ನೇ ತಗೊಳ್ಳತ್ತೆ. ನಮ್ಮನೇಲಿ ಬೀಗದ ಕೈ ಕೊಡೋರು ಇಬ್ಬರಾಗಿದ್ರು. ಜಗಲೀಲಿ ಹೊಸ ಡಬ್ಬ ಹತ್ತಿರ, ಅದೇ ಮೊದಲು ಉತ್ತರ ಕೊಡ್ತಿತ್ತು. ಆದ್ರೆ ಅದಕ್ಕೆ ಹೊರಗೆ ಹೋಗೋ ದಾರೀನೇ ಇಲ್ಲ! ಇಂಟರ್ನೆಟ್ ಸಿಗದೇ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೋಗ್ತಿತ್ತು. ಹಾಗಾಗಿ ವಾಟ್ಸಾಪ್ ಬರ್ತಿತ್ತು, ಕ್ಯಾಮರಾ ಮಾತ್ರ ಬರ್ತಿರಲಿಲ್ಲ. ಅಪ್ಪ ಹೇಳಿದ್ದು ಅಕ್ಷರಶಃ ನಿಜ.

ರಿಪೇರಿ ಮಾಡಿದ್ದೂ ಅಪ್ಪನೇ. ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರಿನಲ್ಲಿ 192.168.0.1 ಅಂತ ಹೊಡೆದು, ನಾನು ಹೇಳಿದ ಪಾಸ್‌ವರ್ಡ್ ಹಾಕಿ, ಡಿಎಚ್‌ಸಿಪಿ ಎದುರಿನ ಟಿಕ್ ತೆಗೆದು ಸೇವ್ ಮಾಡಿದ. ವೈಫೈ ಮರೆಸಿ ಮತ್ತೆ ಸೇರಿಸಿದ ಮೇಲೆ "ಈಗ ಒಂದು ಬಂತು ನೋಡು" ಅಂದ. ಹದಿನೈದು ನಿಮಿಷದ ಕೆಲಸ. ಆಮೇಲೆ ಊರಿಗೆ ಹೋದಾಗ ಹೊಸ ಡಬ್ಬಕ್ಕೆ 192.168.1.2 ಅಂತ, ಹಳೇದು ಹಂಚೋ ಸಾಲಿನಲ್ಲಿ ಇಲ್ಲದ ವಿಳಾಸ ಕೊಟ್ಟು ಬಂದೆ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಆಫೀಸಿನಲ್ಲಿ ಟೆಸ್ಟರ್ ಒಬ್ಬರು "ಜಗಲೀಲಿ ಬರಲ್ಲ, ಅಡುಗೆಮನೇಲಿ ಬರತ್ತೆ" ಅಂತ ಬಗ್ ಹಾಕಿದ್ರೆ ನಾವು ಖುಷಿ ಪಡ್ತೀವಿ. ಎಲ್ಲಿ ಆಗತ್ತೆ, ಎಲ್ಲಿ ಆಗಲ್ಲ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗಿದ ಹಾಗೆ. ಅದೇ ಮಾತನ್ನ ಮನೆಯವರು ಹೇಳಿದ್ರೆ ನಗ್ತೀವಿ. ಅವರ ಮಾತಲ್ಲಿ ನಮ್ಮ ಪದಗಳಿಲ್ಲ ಅನ್ನೋದು ಬಿಟ್ರೆ ಏನು ಕಡಿಮೆ ಇತ್ತು? "ಆಫ್ ಮಾಡಿ ಆನ್ ಮಾಡು" ಅನ್ನೋದು ಪರಿಹಾರ ಅಲ್ಲ, ಲಾಟರಿ. ಯಾವ ಡಬ್ಬ ಮೊದಲು ಉತ್ತರ ಕೊಡತ್ತೋ ಅದರ ಮೇಲೆ ಅದೃಷ್ಟ. ಸರಿಯಾದ್ರೆ ಕಾರಣ ಮುಚ್ಚಿಹೋಗತ್ತೆ, ಆಗದಿದ್ರೆ "ನಂಗೇ ಬರಲ್ಲ" ಅಂತ ಅವರು ತಮ್ಮನ್ನೇ ಬೈಕೋತಾರೆ.

ಅದಕ್ಕೇ ನಾನೊಂದು ಚೀಟಿ ಬರೆದು ರೂಟರಿನ ಪಕ್ಕ ಅಂಟಿಸಿದ್ದೀನಿ. ಕನ್ನಡದಲ್ಲೇ.

192.168.1 ಅಂತ ಶುರುವಾದ್ರೆ ಸರಿ ಇದೆ.
192.168.0 ಅಂತ ಬಂದ್ರೆ ಇನ್ಯಾವುದೋ ಡಬ್ಬ ವಿಳಾಸ ಹಂಚ್ತಿದೆ.
169.254 ಅಂತ ಬಂದ್ರೆ ಯಾರೂ ಉತ್ತರ ಕೊಟ್ಟಿಲ್ಲ, ಕಂಪ್ಯೂಟರ್ರೇ ತನಗೆ ತಾನೇ ವಿಳಾಸ ಇಟ್ಟುಕೊಂಡಿದೆ. ರೂಟರ್, ಕೇಬಲ್ ನೋಡು.

ಮೂರೇ ಸಾಲು. ಆದ್ರೆ 'ನೆಟ್ ಇಲ್ಲ' ಅಂತಿದ್ದ ಅಪ್ಪ ಈಗ ಫೋನ್ ಮಾಡಿದ್ರೆ ಅಂಕಿ ಸಮೇತ ಹೇಳ್ತಾನೆ. ಕಳೆದ ವಾರ ಪಕ್ಕದ ಮನೆಯವರ ಲ್ಯಾಪ್‌ಟಾಪಿಗೆ 169.254 ಬಂದಿದ್ದು ನೋಡಿ ಕೇಬಲ್ ಸಡಿಲ ಆಗಿದ್ದನ್ನ ಪತ್ತೆ ಮಾಡಿ ಬಂದನಂತೆ. ಅಮ್ಮ ಹೇಳಿದ್ಲು, ಎರಡು ದಿನ ಅದೇ ಮಾತಂತೆ ಮನೇಲಿ. :)

ಕಾಲು ಇನ್ನೂ ಸ್ವಲ್ಪ ನೋಯತ್ತಂತೆ. ನಿಮ್ಮ ಮನೆಯಿಂದ ಫೋನ್ ಬಂದಾಗ ಒಂದು ನಿಮಿಷ ಪೂರ್ತಿ ಕೇಳಿ ಮಾರಾಯ್ರೆ, ಆಮೇಲೆ ಆಫ್-ಆನ್ ಮಾಡಿಸಿ.